ಅರ್ಧ ವಾಕ್ಯ

ಬರ್ನ್‌ಲಿಯ ತರಕಾರಿ ತೋಟದ ತಗಡಿನ ಶೆಡ್ಡು.
ಗುರುವಾರ ಸಂಜೆ, ಹನ್ನೊಂದು ಜನ, ಒಂಬತ್ತು ಕುರ್ಚಿ.
ವಿಷಯ: ಒಂದೇ ನಲ್ಲಿ, ಯಾರಿಗೆ ಯಾವ ಹೊತ್ತು.

ನನ್ನ ಬಾಯಲ್ಲಿ ಉತ್ತರ ಆಗಲೇ ಬೆಂದು ಕೂತಿತ್ತು.
ಆರದ ಹಾಗೆ ಮುಚ್ಚಿಕೊಂಡು
ಎಲ್ಲರಿಗೂ ಹೂಂಗುಟ್ಟುತ್ತಿದ್ದೆ.
ಆ ಹೂಂ ಕೇಳುವುದಲ್ಲ,
ಸಾಲಿನಲ್ಲಿ ಮುಂದಿನವರ ಹಿಮ್ಮಡಿ ತುಳಿಯುವುದು.

ತಾಹಿರಾ ಶುರು ಮಾಡಿದ್ದಳು, "ನನ್ನ ಪಾಳಿ ಮುಗಿಯುವಾಗ..."
ಡೆಸ್ಮಂಡ್ ಪೈಪಿನ ಉದ್ದಕ್ಕೆ ಹೊರಳಿದ.
ಪೈಪಿನಿಂದ ಬೀಗಕ್ಕೆ, ಬೀಗದಿಂದ
ಹೋದ ವರ್ಷದ ಕುಂಬಳಕಾಯಿ ಕಳ್ಳನಿಗೆ;
ಇಬ್ಬರು ಹೆಗಲು ಮುಟ್ಟಿಕೊಂಡರು.
ಅವಳು ಬಿಸ್ಕತ್ತು ಎರಡು ಮಾಡಿ
ಎರಡನ್ನೂ ತಿನ್ನದೆ ತಟ್ಟೆಗಿಟ್ಟಳು.

ವಿನಿಫ್ರೆಡ್‌ಗೆ ಎಡಗಿವಿ ಕೇಳದು.
ಅದಕ್ಕೇ ಇಡೀ ಮೈ ತಿರುಗಿಸಿ ಕೂರುತ್ತಾಳೆ,
ಮಾತಾಡುವವರ ತುಟಿಯತ್ತ.
ಗದ್ದಲ ಟೀ ಕುಡಿಯಲು ನಿಂತಾಗ ಕೇಳಿದಳು:
"ತಾಹಿರಾ, ನಿನ್ನ ಪಾಳಿ ಮುಗಿಯುವಾಗ?"

ಮುಗಿಯುವಾಗ ಕತ್ತಲಂತೆ.
ಆಸ್ಪತ್ರೆಯ ಲಾಂಡ್ರಿಯಿಂದ ನೇರ ಬಂದು
ಮೊಬೈಲ್ ಬೆಳಕನ್ನು ಹಲ್ಲಲ್ಲಿ ಕಚ್ಚಿಕೊಂಡು
ಮೆಂತ್ಯಕ್ಕೆ ನೀರು ಹಾಕುತ್ತಾಳಂತೆ,
ಎರಡು ಬೇಸಿಗೆಯಿಂದ.

ಯಾರೋ ಕಪ್ಪು ಕೆಳಗಿಟ್ಟ ಸದ್ದು.

ನನ್ನ ಉತ್ತರ ನುಂಗಿದೆ.
ಆರಿತ್ತು.
ಉಪ್ಪೂ ಹಾಕಿರಲಿಲ್ಲ.