ಊದುಬತ್ತಿ ಹಿಡಿದು ನೋಡಿದ್ದು

ಮೇ ತಿಂಗಳ ಕಲಬುರಗಿ. ರಾತ್ರಿ ಹನ್ನೊಂದಾದರೂ
ಪರಸಿಕಲ್ಲು ಮಧ್ಯಾಹ್ನವನ್ನು ಬಿಟ್ಟುಕೊಡುವುದಿಲ್ಲ.
ಗಂಜಿನ ಹಿಂದಿನ ಓಣಿ, ಒಂದೇ ಕೋಣೆ,
ಈ ಗೋಡೆಗೆ ಅವ್ವನ ಹಾಸಿಗೆ, ಆ ಗೋಡೆಗೆ ನನ್ನ ಮೇಜು,
ಮೇಜಿನ ಮೇಲೆ ಹದಿನೆಂಟು ಪಗಾರಗಳಿಂದ ಹೆಕ್ಕಿ
ಬಿಡಿಬಿಡಿಯಾಗಿ ತಂದು ಕಟ್ಟಿದ ಕಂಪ್ಯೂಟರು.

ಮುಂದೆ ಇಡೀ ಗಾಜು. ಹಿಂದೆ ಬಣ್ಣ ಬದಲಿಸುವ ಆರು ಫ್ಯಾನು.
ಅಂಗಡಿಯವ ಅಂದಿದ್ದ: ಲಗ್ನದ ಹಂದರದಂಗ ಕಾಣ್ತದ ಅಕ್ಕಾ.
ಕಂಡಿತು.
ಆಟ ಶುರುವಾಗಿ ಹತ್ತೇ ನಿಮಿಷ,
ಗ್ರಾಫಿಕ್ಸ್ ಕಾರ್ಡು ಎಂಬತ್ತೇಳು ಡಿಗ್ರಿ;
ಜಿಗಿಯಬೇಕಾದ ಕಂದಕದ ಅಂಚಿನಲ್ಲಿ
ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟೆ.
ಆರೂ ಒಟ್ಟಿಗೆ ಕಿರುಚಿದವು.
ಅವ್ವ ಮಗ್ಗಲು ಬದಲಿಸಿದಳು.
ಹಗಲೆಲ್ಲ ಬ್ಯಾಳಿ ಮಿಲ್ಲಿನ ಸದ್ದಿನೊಳಗೆ ನಿಂತು ಬಂದವಳು,
ನಿದ್ದೆಯಲ್ಲೂ ಕೂಗಿಯೇ ಮಾತಾಡುತ್ತಾಳೆ.

ಕೂಲರಿಗೆ ಹೊಸ ಹುಲ್ಲು ತುಂಬಲು ಬಂದ ಗೌಸ್ ಮಾಮಾ
ಒದ್ದೆ ಕೈ ಅಂಗಿಗೆ ಒರೆಸಿಕೊಂಡು ಬಗ್ಗಿ ನೋಡಿದ.
"ಸುಗಲಾ, ಇದರ ಗಾಳಿ ಹೊರಗ ಹೋಗೂ ಹಾದಿ ಯಾವ್ದು?"
"ಆರು ಫ್ಯಾನ್ ಅವ ಮಾಮಾ."
"ಫ್ಯಾನ್ ಎಷ್ಟವ ಅಂತ ಕೇಳಿಲ್ಲ.
ಕಿಡಕಿ ಮುಚ್ಚಿ ಕೂಲರ್ ಹಚ್ಚಿದ್ರ ಏನಾಗ್ತದ?"
ಏನಾಗುತ್ತದೆಂದು ಈ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು.

ದೇವರ ಮುಂದಿನ ಊದುಬತ್ತಿ ತಂದೆವು.
ಗಾಜಿನ ಸಂದಿಗೆ ಹಿಡಿದರೆ ಹೊಗೆ ಒಳಗೆ ಹೋಗಲೊಲ್ಲದು,
ಕರೆಯದ ಮನೆಯ ಬಾಗಿಲಲ್ಲಿ ನಿಂತ ನೆಂಟನ ಹಾಗೆ.
ಹೋದಷ್ಟೂ ನೆತ್ತಿಯ ಮೊದಲ ಫ್ಯಾನು ಕದ್ದು
ಮೇಲಕ್ಕೆಸೆಯಿತು, ಕಾರ್ಡಿಗೆ ಮುಟ್ಟುವ ಮೊದಲೇ.
ಬೆನ್ನಿನ ಫ್ಯಾನಿಗೆ ಹಿಡಿದೆ. ಹೊರಗೆ ನೂಕಬೇಕಾದದ್ದು
ನನ್ನ ಹೊಗೆಯನ್ನೇ ಒಳಗೆ ಎಳೆದುಕೊಂಡಿತು.
ಉಲ್ಟಾ ಕೂಡಿಸಿದ್ದೆ.
ಆರು ತಿಂಗಳು, ಉಲ್ಟಾ.
ಮಾಮಾ ನಗಲಿಲ್ಲ. ಸ್ಕ್ರೂಡ್ರೈವರ್ ಕೊಟ್ಟ.

ಗಾಜು ಬಿಚ್ಚಿ ಮಂಚದ ಕೆಳಗೆ ಸೇರಿಸಿದೆ.
ಅವ್ವ ಮಿಲ್ಲಿನಿಂದ ಹರಕು ಜರಡಿಯ ತಂತಿಬಲೆ ತಂದಳು,
ನುಚ್ಚು ಸೋಸುವಷ್ಟು ಸಣ್ಣ ಕಣ್ಣಿನದು.
ಮುಂದೆ ಮೂರು ಎಳೆಯಲಿ, ಹಿಂದೆ ಒಂದು ಕಳಿಸಲಿ;
ಒಳಗೆ ಗಾಳಿ ಒಂದು ಗುಕ್ಕು ಹೆಚ್ಚೇ ಇದ್ದರೆ
ತೊಗರಿಯ ಧೂಳು ಸಂದಿಯಿಂದ ನುಸುಳುವುದಿಲ್ಲ.
ಉಳಿದೆರಡು ಫ್ಯಾನು ಪಕ್ಕದ ಮನೆಯ ಹುಡುಗನಿಗೆ,
ಬಣ್ಣ ನೋಡಿ ಕುಣಿದ.

ಆಮೇಲೆ ಗೆರೆ.
ಪರದೆಯ ಚೌಕಳಿಯಲ್ಲಿ ಅಡ್ಡಕ್ಕೆ ಬಿಸಿ, ಉದ್ದಕ್ಕೆ ವೇಗ.
ಚುಕ್ಕಿ ಎಲ್ಲಿಡಬೇಕೆಂದು ಕೇಳಿದ್ದು ಅವ್ವನ ನಿದ್ದೆಯನ್ನು.
ಐವತ್ತರ ತನಕ ಬರೀ ಉಸಿರು,
ಅರವತ್ತೈದಕ್ಕೆ ಪಿಸುಮಾತು,
ಎಪ್ಪತ್ತೆಂಟು ದಾಟಿದರೆ ಮಾತ್ರ ಗಂಟಲು.
ಅವಳನ್ನು ಎಬ್ಬಿಸುತ್ತಿದ್ದದ್ದು ಸದ್ದಲ್ಲ,
ತಟ್ಟನೆ ಏರಿ ತಟ್ಟನೆ ಬೀಳುವ ಅದರ ಸಿಡುಕು.
ಅದಕ್ಕೆ ತಡೆ ಹಾಕಿದೆ: ಬಿಸಿ ಏರಿದರೂ ನಾಲ್ಕು ಸೆಕೆಂಡು ಕಾಯಿ,
ಇಳಿದ ಮೇಲೂ ಹತ್ತು ಸೆಕೆಂಡು ನಂಬಬೇಡ.
(ನಮ್ಮ ಸೇಟ್‌ಜೀಗೆ ಇಂಥ ಸೆಟ್ಟಿಂಗು ಎಲ್ಲಿರುತ್ತದೋ.)

ಈಗ ಎಪ್ಪತ್ತೊಂದು. ಅದಕ್ಕಿಂತ ಕೆಳಗಿಲ್ಲ.
ಕೋಣೆಯೇ ಮೂವತ್ತೆಂಟಿದ್ದರೆ ಫ್ಯಾನು ತಂಪನ್ನೆಲ್ಲಿಂದ ತಂದೀತು?

ಕಂದಕ ದಾಟಿದೆ. ಆಚೆ ದಡದಲ್ಲಿ ಮಂಜು ಬೀಳುತ್ತಿತ್ತು,
ನಾನು ಎಂದೂ ಮುಟ್ಟದ ಮಂಜು.
ಎರಡು ಗಂಟೆಗೆ ಕರೆಂಟು ಹೋಯಿತು.

ಮಂಜು, ಕೂಲರು, ನಾಲ್ಕೂ ಫ್ಯಾನು,
ಒಂದೊಂದಾಗಿ ಸುತ್ತು ಮರೆತು ನಿಂತವು.
ಅವ್ವ ಎದ್ದು ಕೂತಳು.
"ಯಾಕ ನಿಂತದ?"
ಅಂದರೆ ಇಷ್ಟು ದಿನ ಅದರ ಮೇಲೆಯೇ ತಲೆಯಿಟ್ಟು ಮಲಗಿದ್ದಳು.

ಬಾಗಿಲು ತೆರೆದು ಹೊಸ್ತಿಲಲ್ಲಿ ಕೂತೆವು.
ಅವ್ವ ಬೆರಳು ನೆಕ್ಕಿ ಕತ್ತಲಿಗೆ ಎತ್ತಿ ಹಿಡಿದಳು,
ಮಿಲ್ಲಿಗೂ ಮೊದಲು, ಯಾರದೋ ಕಣದಲ್ಲಿ
ಮರ ಹಿಡಿದು ರಾಶಿ ತೂರಿದ ಕೈ.
"ಗಾಳಿ ಬಂದಾಗ ತೂರ್ಕೋ ಅಂತಾರ ಎಲ್ಲಾರು.
ಯಾ ಕಡಿಂದ ಬರ್ತದಂತ ಮದ್ಲ ನೋಡ್ಬೇಕಲ್ಲ.
ಪಡುವಣದಿಂದ ಅದ ನೋಡು, ಸಣ್ಣಗ."

ನಾನೂ ಬೆರಳು ಎತ್ತಿದೆ.
ಹೌದು, ಒಂದು ಮಗ್ಗಲು ಮಾತ್ರ ತಣ್ಣಗಾಯಿತು.
ನಾಳೆ ಮೇಜು ಈ ಕಡೆಗೆ ಎಳೆಯಬೇಕು.