ಬೋಧನೋಪಕರಣ: ಎಮ್ಮೆ, ಒಂದು

ಪಾಠಯೋಜನೆಯ ನಮೂನೆಯಲ್ಲಿ ಒಂದು ಅಂಕಣ:
ಬಳಸಿದ ಬೋಧನೋಪಕರಣ.
ನಾನು ಬರೆದದ್ದು: ಎಮ್ಮೆ, ಒಂದು. ಎರವಲು.
ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ ನೋಡಿದರು,
ನನ್ನನ್ನಲ್ಲ,
ಕಿಟಕಿಯಾಚೆ ಬೇವಿಗೆ ಕಟ್ಟಿದ್ದ ಅದನ್ನು.

ಕುಡತಿನಿಯಲ್ಲಿ ನನಗೆ ಮೂರು ವರ್ಷ. ಎಂಟನೇ ಬಿ.
ಪ್ರತಿ ಸಲವೂ ಅದೇ ಪುಟ, ನವಶಿಲಾಯುಗ:
ಮಾನವನು ಪಶುಪಾಲನೆಯನ್ನು ಕಲಿತನು.
ಅಡಿಗೆರೆ ಎಳೆಯಿರಿ. ಎಳೆದರು.
ಊರ ಹೊರಗೆ, ರಸ್ತೆಗೆ ಅಂಟಿಕೊಂಡೇ ಬೂದಿಗುಡ್ಡ.
ದಿನಾ ಬಸ್ಸಿನಲ್ಲಿ ಅದನ್ನು ದಾಟಿ ಬರುವ ಮಕ್ಕಳು
"ರಾಕ್ಷಸನ್ನ ಸುಟ್ಟ ಜಾಗ ಸಾರ್" ಅನ್ನುತ್ತಾರೆ.
ಯಾವ ರಾಕ್ಷಸ ಅಂದರೆ
ಒಬ್ಬೊಬ್ಬರದು ಒಂದೊಂದು ಹೆಸರು.

ಒಯ್ದೆ. ಬೋರ್ಡು ತೋರಿಸಿ, ಚಿಟಿಕೆಯಷ್ಟೂ ಮುಟ್ಟಬೇಡಿ,
ಕಣ್ಣಿನಿಂದ ಮುಟ್ಟಿ ಎಂದೆ.
ಪದರದ ಮೇಲೆ ಪದರ, ಬಿಳಿ, ಕಂದು, ಮತ್ತೆ ಬಿಳಿ.
ಎಲ್ಲರೂ ಎಣಿಸುತ್ತಿದ್ದಾಗ ಹಿಂದಿನ ಬೆಂಚಿನ ಎರ್ರೆಮ್ಮ,
ಎರಡು ಪರೀಕ್ಷೆ ಸೇರಿ ಏಳು ಮಾರ್ಕಿನ ಎರ್ರೆಮ್ಮ,
"ಇದು ಕಟ್ಟಿಗೆ ಬೂದಿ ಅಲ್ಲ ಸಾರ್. ಕುಳ್ಳಿಂದು.
ಕಟ್ಟಿಗೇದು ಗಾಳಿಗೆ ಹೋಗ್ತೈತಿ,
ಕುಳ್ಳಿಂದು ಕುಂದ್ರತೈತಿ."
ಬಿ.ಎಡ್‌ನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಸೋಮವಾರ ಅವಳ ಮನೆಯ ಎಮ್ಮೆ ಶಾಲೆಗೆ ಬಂತು.
ಮೊಣಕೈವರೆಗೆ ಸಗಣಿ ಕಲಸಿ ಮೂಲೆಯಲ್ಲಿ ಹರಡಿದರು.
ಮೂಗು ಮುಚ್ಚಿಕೊಂಡವರಿಗೆ ಅವಳೇ ಮೇಸ್ತ್ರಿ:
"ನೀರು ಸಾಕು. ಹೊಟ್ಟು ಹಾಕು. ಅಷ್ಟು ದಪ್ಪ ಬ್ಯಾಡ."
ಅದರ ಮೇಲೆ ಎಮ್ಮೆ ನಡೆಯಲೊಲ್ಲದು.
ಮಾಬುಸಾಬ ಮುಂದೆ ಜೋಳದ ದಂಟು ಹಿಡಿದ,
ನಡೆಯಿತು.
ಮೂರು ದಿನದ ಬಿಸಿಲು ಗೊರಸುಗಳನ್ನು ಕಾಯ್ದಿಟ್ಟಿತು.
ಬೆರಳಿಟ್ಟು ಅಳೆದರು, ವಹಿಯಲ್ಲಿ ಬರೆದರು.
ಆಮೇಲೆ ಅರ್ಧಕ್ಕೆ ಬೆಂಕಿ.
ಮರುದಿನ ಬೂದಿಯಲ್ಲೂ ಒಂದು ಗೊರಸು ಉಳಿದಿತ್ತು,
ಯಾರೂ ಸೀನದಿದ್ದಷ್ಟು ಹೊತ್ತು.

"ಹಂಗಾರೆ ಅಲ್ಲಿ ಯಾವ ರಾಕ್ಷಸನೂ ಸತ್ತಿಲ್ಲ" ಎಂದಳು ಎರ್ರೆಮ್ಮ,
ಸ್ವಲ್ಪ ಬೇಜಾರಿನಲ್ಲೇ.
"ದನ ಇದ್ವು. ದಿನಾ ಸಗಣಿ ಬಾಚೋರು ಇದ್ರು."
ಪುಸ್ತಕದ 'ಮಾನವನು' ಪದದ ಮೇಲೆ
ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು: ಹೆಣ್ಮಕ್ಕಳು.
ಪುರಾವೆ ಏನು ಎಂದೆ.
ಎರಡೂ ಕೈ ಚಾಚಿ ತೋರಿಸಿದಳು.
ಅಳಿಸು ಅನ್ನಲಿಲ್ಲ ನಾನು, ಸರಿ ಗುರುತೂ ಹಾಕಲಿಲ್ಲ,
ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ.
ಅದನ್ನು ಇವತ್ತಿಗೂ ನೋಡುತ್ತಿರುತ್ತೇನೆ.

ಶನಿವಾರ ಪಂಪಾಪತಿ ಬುತ್ತಿಡಬ್ಬಿ ತಂದು ಮೇಜಿನ ಮೇಲಿಟ್ಟ.
ಮುಚ್ಚಳ ತೆಗೆದರೆ ಬೂದಿ.
ಸಿಮೆಂಟಿನ ಬಣ್ಣ, ಹಿಟ್ಟಿಗಿಂತ ನುಣುಪು.
ಪವರ್ ಪ್ಲಾಂಟಿನದಂತೆ. ಅಲ್ಲಿ ಟ್ಯಾಂಕರು ತುಂಬಿಸುವ ಅಪ್ಪ
ಮನೆಗೆ ಬಂದು ಅಂಗಿ ಕೊಡವಿದರೆ, ವಾರಕ್ಕೆ ಇಷ್ಟು.
"ಇದ್ಯಾವ ಯುಗ ಸಾರ್?"

ಎರ್ರೆಮ್ಮ ಎದ್ದು ಬಂದಳು.
ಬೆರಳಲ್ಲಿ ತಿಕ್ಕಿದಳು. ಮೂಸಿದಳು.
"ಇದರಾಗೆ ಯಾವ ದನದ ಹೆಜ್ಜೀನೂ ನಿಲ್ಲಂಗಿಲ್ಲ."
ನಲವತ್ತೆರಡು ಮುಖ ನನ್ನ ಕಡೆ.
ಡಬ್ಬಿಯ ಅಂಚಿನಿಂದ ಸಣ್ಣಗೆ ಏಳತೊಡಗಿತ್ತು ಅದು,
ನಾನು ಹೋಗಿ
ಮೊದಲು ಫ್ಯಾನು ಆರಿಸಿದೆ.