ನಂಬರ್ ಹದಿನೇಳು

ಹಾಲು ಸುಟ್ಟರ ಬೆಳಕು ಬರತೈತಿ ಅಂತ
ನನಗೇನು ಗೊತ್ತಿತ್ತು.
ಗೌಳಿಗಲ್ಲಿಯಿಂದ ಅರ್ಧ ಲೀಟರ್ ಎಮ್ಮಿ ಹಾಲು,
ಸಕ್ರಿ ಇಲ್ಲ, ಯಾಲಕ್ಕಿ ಇಲ್ಲ,
ಉಕ್ಕಿನ ಡಬ್ಬಿಯೊಳಗ ಬಿಗಿದು
ನೂರಾ ಎಂಬತ್ತು ಡಿಗ್ರಿಗೆ ಇಡೀ ರಾತ್ರಿ.
ಮುಂಜಾನೆ ಯಮನೂರಪ್ಪ ಮುಚ್ಚಳ ಬಿಚ್ಚಿ, ಮೂಸಿ,
“ಪೇಡೆ ಹೊತ್ತೈತ್ರಿ ಮೇಡಂ” ಅಂದ.

ಹೊತ್ತಿದ್ದೇ ಬೇಕಾಗಿತ್ತು.
ಆ ಕಂದು ನೀರು ಸೋಸಿ, ಗರಗರ ತಿರುಗಿಸಿ,
ಮತ್ತ ಸೋಸಿ,
ಕತ್ತಲಪೆಟಗಿಯೊಳಗ ಕಣ್ಣಿಗೆ ಕಾಣದ ದೀಪಕ್ಕ ಹಿಡಿದರ
ನೀಲಿ.
ಎಂಥಾ ನೀಲಿ ಅಂದ್ರ…
ಬ್ಯಾಡ. ಕುಂದರಗಿ ಮೇಡಂ ನನ್ನ ಥೀಸಿಸ್ಸಿನಾಗ
ಮೂರು ಹೋಲಿಕೆ ಆಗಲೇ ಹೊಡೆದುಹಾಕ್ಯಾರ.
ನಾನೂರಾ ನಲವತ್ತು ನ್ಯಾನೋಮೀಟರು, ಅಷ್ಟ.

ಕಣ ಎಷ್ಟು ಸಣ್ಣವು ಅಂತ ಲೆಕ್ಕ ಹೇಳಿದರ
ಮನ್ಯಾಗ ನಗತಾರ.
ಒಂದು ಕೂದಲೆಳಿಯ ಅಗಲಕ್ಕ
ಪಾಳಿ ಹಚ್ಚಿ ನಿಂತರ ಇಪ್ಪತ್ತು ಸಾವಿರ.

ಡೋಪಮೈನ್ ಬಿಟ್ಟರ ಈ ನೀಲಿ ಬಾಡತೈತಿ.
ಅವ್ವಗ ಇದನ್ನ ತಿಳಿಸೂದಕ್ಕ ಒಂದು ಆಯಿತವಾರ ಹೋತು.
ಆ ರಸ ಇದ್ದರ ಆರತೈತಿ, ಇಲ್ಲದಿದ್ದರ ಉರಿತೈತಿ.
“ಅಂದ್ರ, ಬೆಳಕು ಇರೋದು ಚಲೋದಲ್ಲೇನ?”
ನಮ್ಮ ಕೆಲಸದಾಗ ಅಲ್ಲಬೇ.
ಮಬ್ಬಾದ ನಳಿಕೆ ಕಂಡರ ನಾವು ಉಸಿರು ಬಿಡತೀವಿ.

ಮಂಗಳವಾರ ಮಂಗಳವಾರ ದವಾಖಾನಿಯಿಂದ
ಐಸಿನ ಡಬ್ಬಿಯೊಳಗ ನಲವತ್ತು ನಳಿಕೆ ಬರತಾವು.
ಹೆಸರಿಲ್ಲ, ಓಣಿಯಿಲ್ಲ, ಬರೇ ನಂಬರು.
ಕೆಲವು ಗಕ್ಕನ ಬಾಡಿದವು,
ಕೆಲವು ಹಿಂದಮುಂದ ನೋಡಿ.
ಹದಿನೇಳು ಬಾಡಲೇ ಇಲ್ಲ.
ಮೂರು ಸಲ ಮಾಡಿದೆ. ದೀಪ ಬದಲಿಸಿದೆ.
ನಾಲ್ಕನೇ ಸಲ “ಬಾಡು, ಬಾಡು” ಅಂತ
ಬಾಯಿಬಿಟ್ಟು ಅಂದೆ.
ಅದನ್ನ ನೋಟಬುಕ್ಕಿನಾಗ ಬರೀಲಿಲ್ಲ.

ಸುಭಾಸ ರೋಡಿನ ಜಿನೆದ ಬುಡಕ್ಕ
ದಾವಲಸಾಬ್ ಕಾಕಾನ ವಾಚಿನ ಅಂಗಡಿ.
ಒಬ್ಬರು ಕುಂತರ ಇನ್ನೊಬ್ಬರು ನಿಲ್ಲಬೇಕು.
ನರ್ಸಾಗಿದ್ದ ನಮ್ಮ ಅಜ್ಜಿಯ ವಾಚು
ಎರಡು ತಿಂಗಳಿಂದ ಅಲ್ಲೇ ಐತಿ.
ಹರೇದಾಗ ಕಾಕಾ ಮುಳ್ಳಿಗೆ ರೇಡಿಯಂ ಹಚ್ಚತಿದ್ದನಂತ,
ರಾತ್ರಿ ಉಣ್ಣಾಕ ಕುಂತರ ಬಟ್ಟಿನ ತುದಿ ಹೊಳೀತಿದ್ದವಂತ.
“ಕರೆಂಟು ಹೋದರೂ ನಿಮ್ಮ ಕೈ ಐತಲ್ಲ” ಅಂತ
ಬೀಬಿ ನಗತಿದ್ದಳಂತ.

ಈಗ ಆ ಬಲಗೈಯಾಗ
ಹೆಬ್ಬಟ್ಟು ತೋರಬಟ್ಟಿನ ಮ್ಯಾಲೆ ತಿರುಗತೈತಿ, ತಿರುಗತೈತಿ,
ಇಲ್ಲದ ವಾಚಿಗೆ ಕೀಲಿ ಕೊಟ್ಟಹಾಂಗ.

“ಹ್ವಾದ ಮಂಗಳವಾರ ರಕ್ತ ತಗೊಂಡ್ರವಾ,
ನಿಮ್ಮ ಯುನಿವರ್ಸಿಟಿಗೆ ಹೋಗತೈತಂತ.
ನಿನ್ನ ಕಡೆ ಬಂದೈತೇನು?”
“ನಮಗ ನಂಬರ್ ಅಷ್ಟ ಬರತಾವು ಕಾಕಾ.”
“ನಂದು ಯಾವ ನಂಬರು?”
ಗೊತ್ತಿಲ್ಲ.
ಆಣಿ ಮಾಡಿ ಹೇಳತೀನಿ, ಗೊತ್ತಿಲ್ಲ.
ನಲವತ್ತರಾಗ ಯಾವುದೂ ಇರಬಹುದು.
ಆದರೂ ನಾನು ಗ್ವಾಡಿಯ ಗಡಿಯಾರ ನೋಡಿದೆ,
ಅವು ಒಂದೊಂದು ಒಂದೊಂದು ಟೈಮು ತೋರಸತಿದ್ದವು.

ಅವನೂ ಮತ್ತ ಕೇಳಲಿಲ್ಲ.
ಕಣ್ಣಿನ ಭೂತಗಾಜು ತಗದು ನನ್ನ ಕೈಯಾಗಿಟ್ಟ,
ಇನ್ನೂ ಬೆಚ್ಚಗಿತ್ತು.
“ಒಂದ ಸ್ಕ್ರೂ ಉಳದೈತಿ. ನಂಗ ಹಿಡೀವಲ್ದು. ನೀ ಹಚ್ಚು.”

ಎಳ್ಳಿಗಿಂತ ಸಣ್ಣದು.
ಚಿಮಟಾದ ತುದಿಗೆ ಹಿಡಿದೆ,
ಉಸಿರು ಬಿಗಿಹಿಡಿದು ಇಳಿಸಿದೆ.
ತೂತಿನಾಗ ಕುಂತಿತು.
ಚಕ್ರ ಒಮ್ಮೆ ಹೊಯ್ದಾಡಿ,
ಏನೋ ನೆನಪಾದಹಾಂಗ ನಡೀತು.

“ಕೈ ಯಾರು ಕಲಿಸಿದ್ರು ನಿನಗ?”
ಐದು ವರ್ಷ ಹನಿ ಬಿಟ್ಟು ಬಿಟ್ಟು ಬಂತು ಕಾಕಾ.
“ನಮ್ಮ ಹುಡುಗೂರಿಗೆ ಬರಲಿಲ್ಲ ನೋಡು.”
ನೂರರ ನೋಟಿಗೆ ಐವತ್ತು ವಾಪಸ್ ಕೊಟ್ಟ,
ಅರ್ಧ ಮಜೂರಿ ನಂದಂತ.
ಆ ನೋಟು ಅವನ ಬಟ್ಟಿನಾಗ
ಗಾಳಿಯಿಲ್ಲದ ಪಟಪಟ ಅನ್ನತಿತ್ತು.
ಬೇಗ ಇಸ್ಕೊಂಡೆ. ಬೇಗ ಇಸ್ಕೊಂಡದ್ದು ತಪ್ಪಾತು.

ಹೊರಗ ಕತ್ತಲಾಗಿತ್ತು, ಜಿನೆದಾಗ ದೀಪ ಇರಲಿಲ್ಲ.
ಅಜ್ಜಿಯ ವಾಚು ಮುಖದ ಹತ್ರ ಹಿಡಿದೆ.
ಮುಳ್ಳು ಹೊಳೀಲಿಲ್ಲ,
ರೇಡಿಯಂ ಎಂದೋ ಮುಗಿದಿತ್ತು.
ಕಿವಿಗೆ ಹಚ್ಚಿಕೊಂಡೆ.